ಹಿಮನಾಡಿನಿಂದ ಬಂದ ತಾಯಂದಿರು

ದೀಪಾವಳಿ ಕಳೆದು ಒಂದೆರಡು ವಾರಗಳಾಗುತ್ತಲೇ ಘಟಪ್ರಭೆಯ ದಂಡೆಯ ಊರುಗಳಲ್ಲಿ ಬೆಳಗಿನ ಚಳಿ ಮೈ ಕೊರೆಯತೊಡಗುತ್ತದೆ. ಗೋಕಾಕದಲ್ಲಿ ಕೆಲವು ದಿನ ಹೊತ್ತು ಏರುವವರೆಗೂ ಹೊಳೆಯ ಮೇಲಿನ ಮಂಜು ಸರಿಯುವುದಿಲ್ಲ. ಅಂಥ ದಿನಗಳಲ್ಲಿ ನಮ್ಮ ಭಾಗದ ಪಟ್ಟಣಗಳ ರಸ್ತೆಯ ಬದಿಗೆ ಬಣ್ಣಬಣ್ಣದ ಉಣ್ಣೆಯ ಅಂಗಿಗಳನ್ನು ತೂಗುಹಾಕಿಕೊಂಡು ಕುಳಿತಿರುವ ಕೆಲವು ಹೆಂಗಸರನ್ನು ನೀವೂ ಕಂಡಿರಬಹುದು. ಕೆಂಪೇರಿದ ಕೆನ್ನೆ, ಬಿಗಿದು ಹೆಣೆದ ಜಡೆ, ಕಾಲ್ಮುಚ್ಚುವ ಉದ್ದನೆಯ ನಿಲುವಂಗಿ, ಅದರ ಮೇಲೆ ಸೊಂಟದಿಂದ ಮುಂದಕ್ಕೆ ಇಳಿಬಿಟ್ಟ ಪಟ್ಟೆಪಟ್ಟೆಯ ವಸ್ತ್ರ. ಗಿರಾಕಿಗಳಿಲ್ಲದ ವೇಳೆಯಲ್ಲಿ ಅವರ ಕೈಯಲ್ಲಿ ಜಪಮಾಲೆಯೋ ಹೆಣಿಗೆಯ ಸೂಜಿಯೋ ಇದ್ದೇ ಇರುತ್ತದೆ. ನಮ್ಮ ಜನ ಅವರನ್ನು ‘ನೇಪಾಳದವರು’ ಎಂದು ಕರೆದು ಸುಮ್ಮನಾಗಿಬಿಡುತ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ಹಿಂದೆ ಮೊಮ್ಮಗನಿಗೆ ಒಂದು ಸ್ವೆಟರ್ ಕೊಳ್ಳಲೆಂದು ಅಂಥ ಒಂದು ಅಂಗಡಿಯ ಮುಂದೆ ನಿಂತೆ. ಒಳಗಿದ್ದ ನಡುವಯಸ್ಸಿನ ಹೆಣ್ಣುಮಗಳು, “ಎಷ್ಟು ವರ್ಷದ ಹುಡುಗರೀ, ಅಜ್ಜಾರ?” ಎಂದು ಕೇಳಿದಳು. ಮಾತಿನಲ್ಲಿ ತುಸು ಬೇರೆಯ ರಾಗವಿದ್ದರೂ ಅದು ಅಪ್ಪಟ ನಮ್ಮ ಕಡೆಯ ಕನ್ನಡ. ಬೆರಗಿನಿಂದ, “ನಿಮ್ಮದು ಯಾವ ಊರವ್ವಾ?” ಎಂದೆ.

“ಮುಂಡಗೋಡ ರೀ.”

“ಅದಲ್ಲವ್ವಾ, ನಿಮ್ಮ ಮೂಲ ಊರು?”

ಆಕೆ ನಕ್ಕಳು. “ನಾ ಹುಟ್ಟಿದ್ದು, ಬೆಳದಿದ್ದು ಎಲ್ಲಾ ಅಲ್ಲೇ ರೀ. ನಮ್ಮವ್ವ ಟಿಬೆಟ್‌ನಿಂದ ನಡಕೋತ ಬಂದಾಕಿ.”

ಹಿಮಾಲಯವನ್ನು ದಾಟಿ ನಡೆದು ಬಂದ ತಾಯಿ. ಮುಂಡಗೋಡವನ್ನು ತನ್ನ ಊರೆನ್ನುವ ಮಗಳು. ಈ ಎರಡರ ನಡುವೆ ಏನೇನು ನಡೆದಿರಬಹುದು? ಸ್ವೆಟರನ್ನು ಕೈಯಲ್ಲಿ ಹಿಡಿದು ಮನೆಗೆ ಬಂದೆನಾದರೂ ಆ ಒಂದು ಮಾತು ನನ್ನನ್ನು ಬಿಡಲಿಲ್ಲ. ಆ ಮಾತಿನ ಬೆನ್ನು ಹತ್ತಿ ಓದಿದ್ದನ್ನೂ ಕೇಳಿದ್ದನ್ನೂ ಇಲ್ಲಿ ಹೇಳುತ್ತೇನೆ.

ಟಿಬೆಟ್ ಹಿಮಾಲಯದ ಆಚೆಗಿನ ಎತ್ತರದ ಪ್ರಸ್ಥಭೂಮಿ. ಅದರ ರಾಜಧಾನಿಯಾದ ಲ್ಹಾಸಾ ನಗರವೇ ಸಮುದ್ರಮಟ್ಟದಿಂದ 3600 ಮೀಟರಿಗೂ ಎತ್ತರದಲ್ಲಿದೆ. ಜವೆಗೋಧಿಯ ಬೆಳೆ, ಚಮರೀಮೃಗಗಳ ಹಿಂಡು, ಬೌದ್ಧ ವಿಹಾರಗಳು, ಇವುಗಳ ಸುತ್ತ ಅಲ್ಲಿಯ ಬದುಕು ಹಬ್ಬಿಕೊಂಡಿತ್ತು. ಹೆಂಗಸರು ಹಾಲು ಕರೆದು ಬೆಣ್ಣೆ ಕಡೆಯುತ್ತಿದ್ದರು, ಚಮರೀಮೃಗದ ಕೂದಲಿನಿಂದ ಡೇರೆಯ ಬಟ್ಟೆ ನೇಯುತ್ತಿದ್ದರು, ಪೇಟೆಯಲ್ಲಿ ಕುಳಿತು ವ್ಯಾಪಾರವನ್ನೂ ಮಾಡುತ್ತಿದ್ದರು. 1950ರಲ್ಲಿ ಚೀನದ ಸೈನ್ಯ ಟಿಬೆಟ್ಟನ್ನು ಪ್ರವೇಶಿಸಿತು. ಒಂಬತ್ತು ವರ್ಷಗಳ ಕಾಲ ಕುದಿಯುತ್ತಿದ್ದ ಅಸಮಾಧಾನ 1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಸ್ಫೋಟಗೊಂಡಿತು. ಅದಾದ ಎರಡನೆಯ ದಿನ, ಮಾರ್ಚ್ 12ರಂದು, ಪೋತಲ ಅರಮನೆಯ ಮುಂದೆ ಸಾವಿರಾರು ಮಂದಿ ಹೆಂಗಸರು ನೆರೆದು ತಮ್ಮ ನಾಡಿನ ಸ್ವಾತಂತ್ರ್ಯಕ್ಕಾಗಿ ಕೂಗೆತ್ತಿದರು. ಟಿಬೆಟನ್ನರು ಇಂದಿಗೂ ಆ ದಿನವನ್ನು ಮಹಿಳೆಯರ ದಿನವೆಂದು ನೆನೆಯುತ್ತಾರೆ. ದಂಗೆಯನ್ನು ಸೈನ್ಯ ಅಡಗಿಸಿತು. ಮಾರ್ಚ್ 17ರ ರಾತ್ರಿ ಲ್ಹಾಸಾವನ್ನು ಬಿಟ್ಟ ಧರ್ಮಗುರು ದಲೈ ಲಾಮಾ ಅವರು ತಿಂಗಳ ಕೊನೆಯ ದಿನ ಭಾರತದ ನೆಲದ ಮೇಲೆ ಕಾಲಿಟ್ಟರು. ಅವರ ಹಿಂದೆ, ಅದೇ ಹಿಮದ ಹಾದಿಗಳಲ್ಲಿ, ಸುಮಾರು 80,000 ಜನ ಗಡಿ ದಾಟಿದರು.

ಚರಿತ್ರೆಯ ಪುಸ್ತಕಗಳು ಗುರುವಿನ ಪ್ರಯಾಣವನ್ನು ಹೇಳುತ್ತವೆ. ಹಿಂದೆ ಬಂದವರನ್ನು ಒಂದು ಅಂಕೆಯಲ್ಲಿ ಮುಗಿಸುತ್ತವೆ. ಆ ಅಂಕೆಯೊಳಗೆ ಬೆನ್ನಿಗೆ ಕೂಸನ್ನು ಕಟ್ಟಿಕೊಂಡವರಿದ್ದರು, ತುಂಬಿದ ಬಸುರಿಯರಿದ್ದರು, ಮುದುಕಿಯರಿದ್ದರು. ಸೈನಿಕರ ಕಣ್ಣಿಗೆ ಬೀಳದಂತೆ ಹಗಲೆಲ್ಲ ಬಂಡೆಗಳ ಮರೆಯಲ್ಲಿ ಅಡಗಿ ರಾತ್ರಿ ನಡೆಯಬೇಕು. ಹೊಗೆ ಏಳುವುದೆಂದು ಒಲೆ ಹೂಡುವಂತಿಲ್ಲ. ಹುರಿದ ಜವೆಗೋಧಿಯ ಹಿಟ್ಟನ್ನು, ಅವರು ‘ತ್ಸಂಪಾ’ ಎನ್ನುವ ಆ ಬುತ್ತಿಯನ್ನು, ಹಿಮ ಕರಗಿದ ನೀರಿನಲ್ಲಿ ಕಲಸಿ ತಿನ್ನಬೇಕು. ಅದು ನಮ್ಮ ಹುರಿಹಿಟ್ಟಿನ ಬಳಗದ್ದೇ. ಬುತ್ತಿ ಮುಗಿದ ಮೇಲಿನ ದಿನಗಳ ಗತಿಯನ್ನು ನೀವೇ ಊಹಿಸಿರಿ.

ಮರುವರ್ಷ ನಾನು ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಮುಂಡಗೋಡಕ್ಕೆ ಹೋದೆ. ಅಂಗಡಿಯ ಹೆಣ್ಣುಮಗಳು ತನ್ನ ತಾಯಿಯನ್ನು ತೋರಿಸುವೆನೆಂದು ಮಾತು ಕೊಟ್ಟಿದ್ದಳು. ಹಂಚಿನ ಮನೆಯ ಕಟ್ಟೆಯ ಮೇಲೆ ಕುಳಿತು ಪ್ರಾರ್ಥನೆಯ ಚಕ್ರ ತಿರುಗಿಸುತ್ತಿದ್ದ ಆ ಮುದುಕಿಗೆ ಎಂಬತ್ತು ಸಮೀಪಿಸಿತ್ತು. ಅವರ ಭಾಷೆಯಲ್ಲಿ ತಾಯಿಯನ್ನು ಗೌರವದಿಂದ ‘ಅಮಾ-ಲಾ’ ಎನ್ನುತ್ತಾರೆ. ನಾನೂ ಹಾಗೆಯೇ ಕರೆದೆ. ಮಗಳು ನಡುವೆ ಕುಳಿತು ಇಬ್ಬರ ಮಾತನ್ನೂ ತಿಳಿಯಹೇಳಿದಳು. ಅಮಾ-ಲಾ ತನ್ನ ತಾಯಿಯೊಡನೆ ಮನೆ ಬಿಟ್ಟಾಗ ಹದಿನೇಳರ ಹುಡುಗಿ. ಏನು ತಂದಿರಿ ಎಂದು ಕೇಳಿದೆ. ಒಳಗೆ ಹೋಗಿ ಒಂದು ಮರದ ಬಟ್ಟಲನ್ನು ತಂದು ತೋರಿಸಿದಳು. ಟಿಬೆಟನ್ನರಲ್ಲಿ ಪ್ರತಿಯೊಬ್ಬರೂ ತಮ್ಮದೇ ಬಟ್ಟಲನ್ನು ನಿಲುವಂಗಿಯ ಮಡಿಲಿನಲ್ಲಿ ಇಟ್ಟುಕೊಳ್ಳುವ ರೂಢಿ ಇತ್ತು. ಇದು ಆಕೆಯದಲ್ಲ, ಆಕೆಯ ತಾಯಿಯದು. ತಾಯಿ ಬಂದದ್ದು ಅಸ್ಸಾಮಿನ ಮಿಸ್ಸಮಾರಿಯ ಬಿಡಾರದವರೆಗೆ ಮಾತ್ರ.

ಮಿಸ್ಸಮಾರಿಯ ಹೆಸರನ್ನು ಹಿರಿಯ ಟಿಬೆಟನ್ನರು ಇಂದಿಗೂ ನಡುಗುವ ದನಿಯಲ್ಲಿಯೇ ಉಚ್ಚರಿಸುತ್ತಾರೆ. ಗಡಿ ದಾಟಿದವರಿಗೆ ಭಾರತ ಸರ್ಕಾರ ಅಸ್ಸಾಮಿನ ಮಿಸ್ಸಮಾರಿಯಲ್ಲಿಯೂ ಬಂಗಾಳದ ಬಕ್ಸಾದಲ್ಲಿಯೂ ಆಶ್ರಯ ಕಲ್ಪಿಸಿತ್ತು. ಹಿಮದಲ್ಲಿ ಬದುಕಿ ಉಳಿದವರು ಅಲ್ಲಿಯ ಸೆಕೆಯಲ್ಲಿ ಬಳಲಿದರು. ಅವರು ಉಟ್ಟದ್ದು ಉಣ್ಣೆಯ ದಪ್ಪ ಬಟ್ಟೆ. ಸೊಳ್ಳೆಯ ಕಾಟ, ಕೆಳನಾಡಿನ ರೋಗಗಳು, ಕಂಡರಿಯದ ಆಹಾರ. ಅನೇಕರು ಅಲ್ಲಿಯೇ ಮಣ್ಣಾದರು. “ಹಿಮದಾಗ ಸಾಯಲಿಲ್ಲ ರೀ, ಸೆಕಿಗೆ ಸತ್ಲು” ಎಂದು ಮಗಳು ತನ್ನ ಅಜ್ಜಿಯ ಕಥೆಯನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದಳು. ಅಮಾ-ಲಾ ಬಟ್ಟಲನ್ನು ಸೆರಗಿನಿಂದ ಒರೆಸುತ್ತ ಕುಳಿತಿದ್ದಳು.

ತಂಪು ಪ್ರದೇಶದಲ್ಲಿ ಇವರಿಗೆ ಕೆಲಸ ಕೊಡಬೇಕೆಂಬ ಉದ್ದೇಶದಿಂದ ಸರ್ಕಾರ ಹಿಮಾಲಯದ ತಪ್ಪಲಿನ ರಸ್ತೆ ನಿರ್ಮಾಣಕ್ಕೆ ಸಾವಿರಾರು ಜನರನ್ನು ಕಳುಹಿಸಿತು. ಗಂಡಸರೊಡನೆ ಹೆಂಗಸರೂ ಕಲ್ಲು ಒಡೆದರು, ಬುಟ್ಟಿಯಲ್ಲಿ ಮಣ್ಣು ಹೊತ್ತರು. ರಸ್ತೆ ಮುಂದೆ ಸಾಗಿದಂತೆಲ್ಲ ಡೇರೆಯೂ ಮುಂದೆ ಸಾಗುತ್ತಿತ್ತು. ತಾಯಿ ಕಲ್ಲು ಒಡೆಯುವಾಗ ಕೂಸು ರಸ್ತೆಯ ಅಂಚಿನಲ್ಲಿ ಧೂಳು ತಿನ್ನುತ್ತ ಬಿದ್ದಿರುತ್ತಿತ್ತು. ಈ ಮಕ್ಕಳ ಗೋಳನ್ನು ಕಂಡು ಕೈಕಟ್ಟಿ ಕುಳಿತುಕೊಳ್ಳಲಾರದೆ ಹೋದವರಲ್ಲಿ ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಒಬ್ಬರು. 1960ರ ಮೇ ತಿಂಗಳಲ್ಲಿ ಜಮ್ಮುವಿನ ರಸ್ತೆ ಬಿಡಾರಗಳಿಂದ ಕಾಯಿಲೆಯಿಂದಲೂ ಹಸಿವಿನಿಂದಲೂ ಸೊರಗಿದ್ದ 51 ಮಕ್ಕಳು ಧರ್ಮಶಾಲೆಗೆ ಬಂದರು. ಆ ಮಕ್ಕಳನ್ನು ಅವರು ತಮ್ಮ ಮಡಿಲಿಗೆ ಹಾಕಿಕೊಂಡರು. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಜೆತ್ಸುನ್ ಪೆಮಾ ಆ ಹೊಣೆಯನ್ನು ಹೊತ್ತು ಹಲವು ದಶಕಗಳ ಕಾಲ ನಡೆಸಿದರು. ಆ 51 ಮಕ್ಕಳಿಂದ ಆರಂಭವಾದ ಮನೆಯೇ ಮುಂದೆ ಟಿಬೆಟನ್ ಮಕ್ಕಳ ಗ್ರಾಮವೆಂಬ ಹೆಸರಿನಿಂದ ದೊಡ್ಡ ವಿದ್ಯಾಸಂಸ್ಥೆಯಾಗಿ ಬೆಳೆಯಿತು. ಅದರ ಶಾಲೆಯೊಂದು ನಮ್ಮ ಬೈಲಕುಪ್ಪೆಯಲ್ಲಿಯೂ ಇದೆ.

ರಸ್ತೆಯ ಕೆಲಸ ಹೊಟ್ಟೆಯನ್ನು ತುಂಬಿಸೀತು. ಅದರಿಂದ ಊರು ಕಟ್ಟಲಾಗದು. ಚದುರಿಹೋದರೆ ತಮ್ಮ ಭಾಷೆ, ಧರ್ಮಗಳು ಒಂದೇ ತಲೆಮಾರಿನಲ್ಲಿ ಕರಗಿಹೋಗುತ್ತವೆಂಬ ಭಯ ಟಿಬೆಟನ್ನರಿಗಿತ್ತು. ಒಟ್ಟಾಗಿ ನೆಲೆಸಲು ಭೂಮಿ ಬೇಕೆಂದು ಅವರು ಕೇಳಿದರು. ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೋರಿದಾಗ ಎಲ್ಲರಿಗಿಂತ ಉದಾರವಾಗಿ ಕೈ ಚಾಚಿದ್ದು ನಮ್ಮ ಮೈಸೂರು ರಾಜ್ಯ. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ನೆರೆಯ ಜಮಖಂಡಿಯ ಬಿ.ಡಿ. ಜತ್ತಿಯವರು. ಅವರ ಹಿಂದೆಯೂ ಮುಂದೆಯೂ ಆ ಸ್ಥಾನದಲ್ಲಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಅವರ ವಸತಿಗಾಗಿ ಗೇಣಿಯ ಮೇಲೆ ಬಿಟ್ಟುಕೊಡಲಾಯಿತು. 1960ರ ಡಿಸೆಂಬರ್ ತಿಂಗಳಲ್ಲಿ 600ಕ್ಕೂ ಹೆಚ್ಚು ಜನರ ಮೊದಲ ತಂಡ ಅಲ್ಲಿಗೆ ಬಂದಿಳಿಯಿತು.

ಬಂದವರ ಕಣ್ಣಿಗೆ ಬಿದ್ದದ್ದು ಮರ, ಬಿದಿರುಮೆಳೆ, ಮುಳ್ಳುಗಂಟಿ. ಟಿಬೆಟ್ಟಿನ ಬಹುಭಾಗದಲ್ಲಿ ಮರಗಳೇ ವಿರಳ. ಕಣ್ಣು ಹಾಯುವಷ್ಟು ದೂರ ಬಯಲು, ಅದರಾಚೆಗೆ ಬೆಟ್ಟ. ಇಲ್ಲಿಯಾದರೋ ನಾಲ್ಕು ಮಾರು ದೂರದಲ್ಲಿ ಏನಿದೆಯೆಂದು ಕಾಣುವಂತಿಲ್ಲ. ರಾತ್ರಿ ಡೇರೆಯ ಪಕ್ಕದಲ್ಲಿಯೇ ಆನೆಗಳ ಓಡಾಟ. ಹಗಲು ಕೊಡಲಿ ಹಿಡಿದು ಕಾಡು ಕಡಿಯುವುದು, ಕಡಿದದ್ದನ್ನು ರಾಶಿ ಹಾಕಿ ಸುಡುವುದು. ಮೇಲೆ ಬಿಸಿಲು, ಎದುರಿಗೆ ಬೆಂಕಿ. ಮೊದಲ ದಿನಗಳಲ್ಲಿ ಅವರನ್ನು ನೋಡಲು ಬಂದ ದಲೈ ಲಾಮಾ ಅವರು ಕಂಡದ್ದು ಕಪ್ಪಿಟ್ಟು ಒಣಗಿದ ದೇಹಗಳನ್ನು. ಅದನ್ನು ತಮ್ಮ ಆತ್ಮಕಥೆಯಲ್ಲಿ ಅವರು ನೋವಿನಿಂದ ನೆನೆದಿದ್ದಾರೆ. ಇನ್ನೊಂದು ಸಂಕಟವನ್ನೂ ಅವರು ಹೇಳುತ್ತಾರೆ: ಉರಿಯುವ ಆ ರಾಶಿಗಳಲ್ಲಿ ಲೆಕ್ಕವಿಲ್ಲದಷ್ಟು ಹುಳುಹುಪ್ಪಟೆಗಳೂ ಹಕ್ಕಿಗಳೂ ಸಾಯುತ್ತಿದ್ದವು. ಇರುವೆಯನ್ನು ತುಳಿದರೂ ಪಾಪವೆಂದು ನಂಬಿದ ಜನಕ್ಕೆ ಅದು ಬಿಸಿಲಿಗಿಂತ ಹೆಚ್ಚಿನ ಬೇಗೆ. ತಾವು ಬದುಕಬೇಕಾದರೆ ಇನ್ನೊಂದು ಜೀವವನ್ನು ಸುಡಬೇಕಾಗಿ ಬಂದ ಈ ಇಕ್ಕಟ್ಟನ್ನು ಅವರು ಜಪದಿಂದಲೂ ಪ್ರಾರ್ಥನೆಯಿಂದಲೂ ಹೇಗೋ ದಾಟಿಕೊಂಡರು.

ಧರ್ಮವನ್ನು ಉಳಿಸಿಕೊಳ್ಳುವುದಕ್ಕಾಗಿ ಜನರು ಹೀಗೆ ಊರು ತೊರೆದು ಅಪರಿಚಿತ ನೆಲದಲ್ಲಿ ಬದುಕು ಹೂಡಿದ ಉದಾಹರಣೆಗಳು ಜಗತ್ತಿನ ಬೇರೆ ಕಡೆಗಳಲ್ಲಿಯೂ ಇವೆ. ಅಮೆರಿಕದ ಮಾರ್ಮನ್ ಪಂಥದವರ ಕಥೆ ಅವುಗಳಲ್ಲಿ ಪ್ರಸಿದ್ಧವಾದುದು. ನೆರೆಹೊರೆಯವರ ದ್ವೇಷಕ್ಕೆ ಗುರಿಯಾದ ಆ ಕ್ರೈಸ್ತ ಪಂಥದವರು ತಮ್ಮ ಗುರು ಕೊಲೆಯಾದ ಮೇಲೆ, 1846ರಲ್ಲಿ ಮಿಸಿಸಿಪಿ ನದಿಯನ್ನು ದಾಟಿ ಪಶ್ಚಿಮದ ಕಡೆಗೆ ಹೊರಟರು. ಸುಮಾರು 2000 ಕಿಲೋಮೀಟರುಗಳ ದಾರಿ. 1847ರ ಜುಲೈ ತಿಂಗಳಲ್ಲಿ ಅವರ ಮೊದಲ ತಂಡ ಯೂಟಾದ ಉಪ್ಪುಸರೋವರದ ಕಣಿವೆಯನ್ನು ಸೇರಿತು. ಎತ್ತಿನ ಬಂಡಿಗೆ ಹಣವಿಲ್ಲದವರು ಮುಂದೆ ಕೈಗಾಡಿಗಳಲ್ಲಿ ಸಾಮಾನು ಹೇರಿ ತಾವೇ ಎಳೆದುಕೊಂಡು ನಡೆದರು. 1856ರಲ್ಲಿ ತಡವಾಗಿ ಹೊರಟ ಎರಡು ತಂಡಗಳು ಹಿಮದಲ್ಲಿ ಸಿಲುಕಿ 200ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಆ ಯಾತ್ರೆಯಲ್ಲಿದ್ದ ಪ್ಯಾಟಿ ಸೆಷನ್ಸ್ ಎಂಬ ಸೂಲಗಿತ್ತಿಯ ದಿನಚರಿ ಉಳಿದುಬಂದಿದೆ. ಐವತ್ತು ದಾಟಿದ ವಯಸ್ಸಿನಲ್ಲಿ ತಾನೇ ಬಂಡಿ ಹೊಡೆದುಕೊಂಡು ಆ ಕಣಿವೆಗೆ ಬಂದವಳು ಆಕೆ. ತನ್ನ ಜೀವಮಾನದಲ್ಲಿ ಸುಮಾರು 4000 ಹೆರಿಗೆಗಳನ್ನು ಮಾಡಿಸಿದಳು. ಹೊಸ ನೆಲದಲ್ಲಿ ಹಣ್ಣಿನ ತೋಟವನ್ನೂ ಬೆಳೆಸಿದಳು. ಹೊಸ ನಾಡು ಎಂದೊಡನೆ ನಾವು ಮುಂದಾಳುಗಳ ಹೆಸರನ್ನು ಹೇಳುತ್ತೇವೆ. ಆದರೆ ಕೂಸುಗಳನ್ನು ಬದುಕಿಸುವವರೂ ಬೀಜವನ್ನು ಕಾಯುವವರೂ ಇಲ್ಲದಿದ್ದರೆ ಅಂಥ ಊರು ಎರಡು ಮಳೆಗಾಲವನ್ನು ಕಾಣುವುದು ಕಷ್ಟ.

ಈ ಎರಡು ಕಥೆಗಳನ್ನು ಒಂದೇ ಎಂದು ಹೇಳಲಾಗದು. ಮಾರ್ಮನ್ನರು ತಮ್ಮದೇ ಭಾಷೆಯ ದೇಶದೊಳಗೆ ಒಂದು ಪ್ರಾಂತವನ್ನೇ ಕಟ್ಟಿದರು. ಆ ಕಣಿವೆಗಳೂ ಬರಿದಾಗಿರಲಿಲ್ಲ, ಅಲ್ಲಿ ಮೊದಲಿನಿಂದ ಬಾಳಿದ ಮೂಲನಿವಾಸಿಗಳು ನೆಲ ಕಳೆದುಕೊಂಡರು. ಟಿಬೆಟನ್ನರು ನಮ್ಮಲ್ಲಿಗೆ ಬಂದದ್ದು ಅತಿಥಿಗಳಾಗಿ. ಅವರು ಉಳುವ ನೆಲ ಗೇಣಿಯದು. ಜೊತೆಗೆ, ಬಂದವರ ಮನಸ್ಸಿನಲ್ಲಿದ್ದದ್ದು ಬೇರೂರುವ ಬಯಕೆಯಲ್ಲ, ಮರಳುವ ಬಯಕೆ. ಇನ್ನೆರಡು ವರ್ಷ, ಇನ್ನೊಂದು ವರ್ಷ ಎಂದು ಅವರು ದಿನ ಎಣಿಸುತ್ತಿದ್ದರು.

ಅಮಾ-ಲಾ ಕೂಡ ಹಾಗೆಯೇ ಎಣಿಸಿದವಳು. ಹಿಮಾಚಲದ ರಸ್ತೆಗಳಲ್ಲಿ ಕೆಲವು ವರ್ಷ ಕಲ್ಲು ಒಡೆದು, ಅಲ್ಲಿಯೇ ಮದುವೆಯಾಗಿ, ಮುಂಡಗೋಡದ ವಸಾಹತು ಆರಂಭವಾದಾಗ ಗಂಡನೊಡನೆ ಇಲ್ಲಿಗೆ ಬಂದಳು. ಬೈಲಕುಪ್ಪೆಯ ಪ್ರಯೋಗ ಫಲಿಸಿದ್ದರಿಂದ ಉತ್ತರ ಕನ್ನಡದ ಈ ಭಾಗದಲ್ಲಿ 1966ರಲ್ಲಿ ಸುಮಾರು 4000 ಎಕರೆ ಭೂಮಿಯನ್ನು ಕೊಡಲಾಗಿತ್ತು. (ಮುಂದೆ ಬೈಲಕುಪ್ಪೆಯಲ್ಲಿಯೇ ಇನ್ನೊಂದು, ಹುಣಸೂರು, ಕೊಳ್ಳೇಗಾಲಗಳ ಕಡೆ ಒಂದೊಂದು, ಹೀಗೆ ಕರ್ನಾಟಕದಲ್ಲಿ ಒಟ್ಟು ಐದು ವಸಾಹತುಗಳಾದವು.) ಬಂದ ಮೊದಲ ವರ್ಷ ಆಕೆ ಮಡಿಲಿನಲ್ಲಿ ಜತನವಾಗಿ ಕಟ್ಟಿಕೊಂಡು ತಂದ ಒಂದು ಹಿಡಿ ಜವೆಗೋಧಿಯನ್ನು ಮನೆಯ ಹಿಂದೆ ಬಿತ್ತಿದಳಂತೆ. ಮೊಳಕೆಯೇನೋ ಬಂತು. ಆಷಾಢದ ಜಡಿಮಳೆ ಹಿಡಿದು ನಿಂತ ನೀರಿನಲ್ಲಿ ಅದು ಕೊಳೆತುಹೋಯಿತು. “ಅವತ್ತು ಭಾಳ ಅತ್ತಾಳಂತ ರೀ. ತಾಯಿ ಸತ್ತಾಗ ಅಷ್ಟು ಅತ್ತಿರಲಿಲ್ಲಂತ” ಎಂದಳು ಮಗಳು.

ಆಮೇಲೆ ಸುತ್ತಲಿನ ಹಳ್ಳಿಗಳ ರೈತರನ್ನು ನೋಡಿ ಗೋವಿನಜೋಳ ಹಾಕಲು ಕಲಿತರು, ಭತ್ತದ ನಾಟಿ ಕಲಿತರು. ಮೊಣಕಾಲುದ್ದದ ಕೆಸರಿನಲ್ಲಿ ಬಾಗಿ ಸಸಿ ನೆಡುವುದು ಎತ್ತರದ ಒಣನಾಡಿನ ಹೆಂಗಸರಿಗೆ ಎಂಥ ಕೆಲಸವಾಗಿರಬೇಕು! ತೆನೆ ಬಲಿಯುವ ಹೊತ್ತಿಗೆ ಕಾಡುಹಂದಿ, ಆನೆಗಳ ಕಾವಲು. ರಾತ್ರಿಯಿಡೀ ಡಬ್ಬಿ ಬಡಿಯುತ್ತ ಅಟ್ಟಣಿಗೆಯ ಮೇಲೆ ಕೂಡಬೇಕು. ಉಣ್ಣೆಯ ನಿಲುವಂಗಿಯ ಬದಲು ಅದೇ ಆಕಾರದ ಹತ್ತಿಯ ನಿಲುವಂಗಿಯನ್ನು ಹೊಲಿದುಕೊಂಡರು. ಮದುವೆಯಾದ ಹೆಂಗಸರು ಕಟ್ಟುವ ಪಟ್ಟೆವಸ್ತ್ರವನ್ನು ಮಾತ್ರ ಬಿಡಲಿಲ್ಲ. ಜವೆಗೋಧಿ ಸಿಗದಿದ್ದಾಗ ಗೋಧಿಯನ್ನೇ ಹುರಿದು ಬೀಸಿ ಹಿಟ್ಟು ಮಾಡಿದರು. ಚಮರಿಯ ಬೆಣ್ಣೆಯ ಬದಲು ಎಮ್ಮೆ, ಹಸುಗಳ ಬೆಣ್ಣೆಯನ್ನು ಹಾಕಿ, ಉಪ್ಪು ಬೆರೆಸಿ, ತಮ್ಮ ಚಹಾವನ್ನು ಕಾಸಿದರು. ನನಗೂ ಒಂದು ಬಟ್ಟಲು ಕೊಟ್ಟರು. ಉಪ್ಪಿನ ಚಹಾ ನಮ್ಮ ನಾಲಗೆಗೆ ಒಗ್ಗುವಂಥದಲ್ಲ. ಎರಡನೆಯ ಬಟ್ಟಲು ಬರುವ ಮೊದಲೇ ಕೈ ಅಡ್ಡ ಹಿಡಿದೆ. ತಾಯಿಯೂ ಮಗಳೂ ನಕ್ಕದ್ದೇ ನಕ್ಕದ್ದು.

ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಆ ತಾಯಂದಿರು ಎರಡು ಕೆಲಸಗಳನ್ನು ಏಕಕಾಲದಲ್ಲಿ ಮಾಡಬೇಕಾಗಿತ್ತು. ಹೊಸ ನೆಲಕ್ಕೆ ಮಕ್ಕಳನ್ನು ಹೊಂದಿಸಬೇಕು. ಹಳೆಯ ನೆಲವನ್ನು ಅವರು ಮರೆಯದಂತೆಯೂ ನೋಡಿಕೊಳ್ಳಬೇಕು. ಹೊಂದಿಸದಿದ್ದರೆ ಮಕ್ಕಳು ಹಸಿದಿರುತ್ತಾರೆ. ಮರೆಸಿದರೆ ಇಷ್ಟು ದೂರ ನಡೆದುಬಂದದ್ದು ವ್ಯರ್ಥವಾಗುತ್ತದೆ. ಹಗಲು ಹೊಲದ ಸಾಲಿನಲ್ಲಿ ಕನ್ನಡ, ಇರುಳು ಒಲೆಯ ಮುಂದೆ ಟಿಬೆಟನ್ ಭಾಷೆ. ಶಾಲೆಯಲ್ಲಿ ಹಿಂದಿ, ಇಂಗ್ಲಿಷುಗಳೂ ಸೇರಿದವು. ಭಾರತ ಸರ್ಕಾರ ಟಿಬೆಟನ್ ಮಕ್ಕಳಿಗಾಗಿಯೇ ವಸಾಹತುಗಳಲ್ಲಿ ಶಾಲೆಗಳನ್ನು ತೆರೆದಿತ್ತು. ಓದು ಬಾರದ ಅಮಾ-ಲಾ ತನ್ನ ನಾಲ್ಕು ಮಕ್ಕಳನ್ನೂ ಓದಿಸಿದಳು. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಬರುವ ‘ಲೋಸಾರ್’ ಎಂಬ ಹೊಸ ವರ್ಷದ ಹಬ್ಬಕ್ಕೆ ಮನೆಯ ಮೇಲೆ ಪ್ರಾರ್ಥನೆಯ ಪತಾಕೆಗಳನ್ನು ಕಟ್ಟುವುದನ್ನು ಆಕೆ ಒಂದು ವರ್ಷವೂ ತಪ್ಪಿಸಲಿಲ್ಲ.

ಹೊಲದ ಉತ್ಪತ್ತಿ ಮಾತ್ರದಿಂದ ಸಂಸಾರ ಸಾಗುವಂತಿರಲಿಲ್ಲ. ತಲೆಗೆ ಸುಮಾರು ಒಂದು ಎಕರೆಯಂತೆ ಹಂಚಿದ ಭೂಮಿ. ಅದಕ್ಕೆ ಮಳೆಯೇ ಆಧಾರ. ಹೆಂಗಸರಲ್ಲಿ ಕೆಲವರು ವಸಾಹತಿನ ಕೇಂದ್ರಗಳಲ್ಲಿ ರತ್ನಗಂಬಳಿ ನೇಯಲು ಕುಳಿತರು. ಡ್ರಾಗನ್ನು, ಕಮಲ, ಹಿಮಸಿಂಹಗಳ ಚಿತ್ರವುಳ್ಳ ಆ ಗಂಬಳಿಗಳು ದೂರದೂರದ ದೇಶಗಳಿಗೆ ಹೋದವು. ಉಳಿದವರು ಹೆಣಿಗೆಯ ಸೂಜಿ ಹಿಡಿದರು. ಚಳಿಯ ನಾಡಿನಿಂದ ಬಂದ ಹೆಂಗಸರಿಗೆ ಉಣ್ಣೆಯ ಕೆಲಸ ಹುಟ್ಟಿನಿಂದ ಬಂದದ್ದು. ಮೊದಮೊದಲು ಕೈಯಿಂದ ಹೆಣೆದ ಅಂಗಿಗಳನ್ನು ಮಾರಿದರು. ಬೇಡಿಕೆ ಹೆಚ್ಚಿದಂತೆ ಪಂಜಾಬದ ಲುಧಿಯಾನದ ಕಾರ್ಖಾನೆಗಳಿಂದ ಸಾಲದ ಮೇಲೆ ಮಾಲು ತಂದು, ಸುಗ್ಗಿ ಮುಗಿಸಿಕೊಂಡು, ಚಳಿಗಾಲದ ಮೂರು ತಿಂಗಳು ಊರೂರಿಗೆ ಹೋಗಿ ಕುಳಿತುಕೊಳ್ಳುವ ಪದ್ಧತಿ ಬೆಳೆಯಿತು. ಭಾಷೆ ಬಾರದ ಊರಿನಲ್ಲಿ ಮೂರು ತಿಂಗಳ ವಾಸ, ಎಳೆಮಕ್ಕಳು ಮುದುಕಿಯರ ವಶದಲ್ಲಿ, ಚಳಿ ಸರಿಯಾಗಿ ಬೀಳದ ವರ್ಷ ಸಾಲದ ಹೊರೆ. ಗೋಕಾಕದ ರಸ್ತೆಯಲ್ಲಿ ನಾವು ‘ಕಡಿಮೆ ಮಾಡವ್ವಾ’ ಎಂದು ಹತ್ತು ರೂಪಾಯಿಗೆ ಚೌಕಾಸಿ ಮಾಡುವಾಗ ಇದೊಂದೂ ನಮಗೆ ತಿಳಿದಿರುವುದಿಲ್ಲ.

ಮುಂಡಗೋಡಕ್ಕೆ ಹೋದವರು ಸಾಮಾನ್ಯವಾಗಿ ನೋಡಿಬರುವುದು ಡ್ರೆಪುಂಗ್, ಗಾಂದೆನ್ ಎಂಬ ಎರಡು ಮಹಾವಿಹಾರಗಳನ್ನು. ಟಿಬೆಟ್ಟಿನಲ್ಲಿ ಶತಮಾನಗಳಿಂದ ವಿಖ್ಯಾತವಾಗಿದ್ದ ಆ ವಿದ್ಯಾಪೀಠಗಳು ಇಲ್ಲಿ ಮರುಹುಟ್ಟು ಪಡೆದಿವೆ. ಸಾವಿರಾರು ಭಿಕ್ಷುಗಳು ಅಲ್ಲಿ ಓದುತ್ತಾರೆ. ಬಂಗಾರದ ಬಣ್ಣದ ಶಿಖರಗಳನ್ನು ಕಂಡು ಪ್ರವಾಸಿಗರು ಮಾರುಹೋಗುತ್ತಾರೆ. ಆದರೆ ಅಲ್ಲಿಯೇ, ಹೆಚ್ಚು ಜನ ಹೋಗದ ಒಂದು ಕಡೆ, 1987ರಲ್ಲಿ ಸ್ಥಾಪನೆಯಾದ ಭಿಕ್ಷುಣಿಯರ ವಿಹಾರವೊಂದಿದೆ. ಅದರ ಹೆಸರು ಜಂಗ್‌ಚುಬ್ ಚೋಲಿಂಗ್. ಹಿಂದೆ ಟಿಬೆಟ್ಟಿನಲ್ಲಿ ಭಿಕ್ಷುಣಿಯರು ಜಪ, ಪೂಜೆಗಳನ್ನು ಮಾಡುತ್ತಿದ್ದರೇ ಹೊರತು, ಭಿಕ್ಷುಗಳಂತೆ ಹತ್ತಾರು ವರ್ಷ ಶಾಸ್ತ್ರಗಳನ್ನು ಓದಿ, ವಾದ ಮಾಡಿ, ‘ಗೆಶೆ’ ಎಂಬ ಪಂಡಿತ ಪದವಿಯನ್ನು ಪಡೆಯುವ ಅವಕಾಶ ಅವರಿಗಿರಲಿಲ್ಲ. ದೇಶ ಕಳೆದುಕೊಂಡ ಮೇಲೆ ಆ ಬಾಗಿಲು ನಿಧಾನವಾಗಿ ತೆರೆಯಿತು. 1984ರಲ್ಲಿ ಟಿಬೆಟನ್ ಮಹಿಳಾ ಸಂಘ ಧರ್ಮಶಾಲೆಯಲ್ಲಿ ಮತ್ತೆ ತಲೆಯೆತ್ತಿದ್ದು, ಹೆಣ್ಣುಮಕ್ಕಳು ಶಾಲೆ ಕಾಲೇಜುಗಳಲ್ಲಿ ಓದಿದ್ದು ಇದಕ್ಕೆ ಇಂಬು ಕೊಟ್ಟವು. 2016ರ ಡಿಸೆಂಬರ್ 22ರಂದು ಮುಂಡಗೋಡದ ಡ್ರೆಪುಂಗ್ ವಿಹಾರದಲ್ಲಿ ನಡೆದ ಸಮಾರಂಭದಲ್ಲಿ 20 ಮಂದಿ ಭಿಕ್ಷುಣಿಯರು ದಲೈ ಲಾಮಾ ಅವರ ಕೈಯಿಂದ ‘ಗೆಶೆಮಾ’ ಪದವಿಯನ್ನು ಪಡೆದರು. ಟಿಬೆಟನ್ ಭಿಕ್ಷುಣಿಯರಿಗೆ ಆ ಪದವಿ ದೊರೆತದ್ದು ಚರಿತ್ರೆಯಲ್ಲಿ ಅದೇ ಮೊದಲು. ಲ್ಹಾಸಾದಲ್ಲಿ ಆಗದಿದ್ದದ್ದು ಉತ್ತರ ಕನ್ನಡದ ಒಂದು ತಾಲ್ಲೂಕಿನಲ್ಲಿ ಆಯಿತು.

ಅಮಾ-ಲಾ ಈ ಸುದ್ದಿಯನ್ನು ನನಗೆ ಎರಡು ಸಲ ಹೇಳಿಸಿದಳು. ಅಂದು ಆ ಜನಜಂಗುಳಿಯಲ್ಲಿ ತಾನೂ ಮಣೆ ಹಾಕಿಕೊಂಡು ಕುಳಿತಿದ್ದೆನೆಂಬುದು ಆಕೆಯ ದೊಡ್ಡ ಹೆಮ್ಮೆ.

ಈಗ ವಸಾಹತಿನಲ್ಲಿ ಹೊಸದೊಂದು ಚಿಂತೆ ಇದೆ. ಓದಿದ ತರುಣರು ಒಬ್ಬೊಬ್ಬರಾಗಿ ಅಮೆರಿಕ, ಕೆನಡಾ, ಯೂರೋಪುಗಳಿಗೆ ಹೊರಟುಹೋಗುತ್ತಿದ್ದಾರೆ. ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದಿದೆ. ಬೀಗ ಹಾಕಿದ ಮನೆಗಳೂ ಕಾಣುತ್ತವೆ. ಅಮಾ-ಲಾಳ ನಾಲ್ಕು ಮಕ್ಕಳಲ್ಲಿ ಇಬ್ಬರು ಸಮುದ್ರದಾಚೆ ಇದ್ದಾರೆ. “ನೀವು ನಡೆದು ಬಂದಿರಿ, ಅವರು ಹಾರಿ ಹೋದರು” ಎಂದೆ. ಮಗಳು ಅದನ್ನು ತಿಳಿಯಹೇಳಿದಾಗ ಮುದುಕಿ ನಗಲಿಲ್ಲ. ಪ್ರಾರ್ಥನೆಯ ಚಕ್ರ ಒಂದು ಕ್ಷಣ ನಿಂತು ಮತ್ತೆ ತಿರುಗತೊಡಗಿತು. ಹಗುರಾಗಿ ಆಡಿದ ಮಾತಿಗಾಗಿ ನಾನು ಆಮೇಲೆ ಪರಿತಪಿಸಿದೆ.

ಹೊರಡುವಾಗ ಮನೆಯ ಹಿಂದಿನ ಒಂದು ಮಾವಿನ ಮರವನ್ನು ಮಗಳು ತೋರಿಸಿದಳು. ಬಂದ ಹೊಸದರಲ್ಲಿ ಪಕ್ಕದ ಹಳ್ಳಿಯ ರೈತನೊಬ್ಬ ಒಂದು ಮಾವಿನ ಸಸಿ ಕೊಟ್ಟಿದ್ದನಂತೆ. ಹಣ್ಣು ಬಿಡುವ ಹೊತ್ತಿಗೆ ನಾವು ಇಲ್ಲಿರುವುದಿಲ್ಲ, ನಮ್ಮ ದೇಶಕ್ಕೆ ಹೋಗಿರುತ್ತೇವೆ ಎಂದು ಅಮಾ-ಲಾ ಅದನ್ನು ಹಿಂದಿರುಗಿಸಿದಳು. ಹತ್ತು ವರ್ಷ ಕಳೆದ ಮೇಲೆ ಒಂದು ದಿನ ತಾನೇ ಆ ರೈತನ ಮನೆಗೆ ಹೋಗಿ ಇನ್ನೊಂದು ಸಸಿ ಕೇಳಿ ತಂದು ನೆಟ್ಟಳು. ಅದೇಕೆ ಮನಸ್ಸು ಬದಲಾಯಿತೆಂದು ಕೇಳಿದೆ. ಮುದುಕಿಯ ಉತ್ತರ ಚಿಕ್ಕದಾಗಿತ್ತು: ಮಕ್ಕಳು ಬೇರೆಯವರ ಮರಕ್ಕೆ ಕಲ್ಲು ಹೊಡೆಯುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಆ ಹೆಣ್ಣುಮಗಳು ಮತ್ತೆ ಗೋಕಾಕಕ್ಕೆ ಬಂದಿದ್ದಳು. ತಾಯಿ ತೀರಿಕೊಂಡ ಸುದ್ದಿ ಹೇಳಿದಳು. ಮರದ ಬಟ್ಟಲನ್ನು ಈಗ ಬೇರೆ ಸಾಮಾನಿನೊಡನೆ ತಾನೇ ಇಟ್ಟುಕೊಂಡಿದ್ದಳು. ಸಂಕ್ರಾಂತಿ ಕಳೆದು ಆಕೆ ಉಳಿದ ಮಾಲನ್ನು ಗಂಟು ಕಟ್ಟುತ್ತಿದ್ದಾಗ, “ಬರುವ ವರ್ಷ ಬರುತ್ತೀಯೇನವ್ವಾ?” ಎಂದು ಕೇಳಿದೆ.

“ಮಳಿ ಚಲೋ ಆದ್ರ ಗೋವಿನಜೋಳದ ಒಕ್ಕಲಿ ತಡಾ ಆಕ್ಕತ್ರೀ ಅಜ್ಜಾರ” ಎಂದಳು. “ಒಕ್ಕಲಿ ಮುಗದ ಮ್ಯಾಲೆ ಬರ್ತೀನಿ.”